ನಾನು ಒಡೆಸಿದ ಕಟ್ಟೆ

“ಕುಂಡ್ರಿ ಅಣ್ಣಾರ. ಆಗ ನಮ್ಮ ಕಟ್ಟಿ ಮ್ಯಾಲ ಯಾರರ ಕುಂತ್ರ ಬೈತಿದ್ರಿ, ಈಗ ಕುಂಡ್ರಿ ಅಂದ್ರ ನಾಚ್ಕೋತೀರಿ!” ಎನ್ನುತ್ತ ಬಳೆಗಾರ್ತಿ ಶಾಂತಕ್ಕ ತಮ್ಮ ಸ್ಟೂಲನ್ನು ನನ್ನತ್ತ ಸರಿಸಿದರು. ಆಳಂದದ ಹಳೇ ಪೇಟೆಯಲ್ಲಿ, ಬಿಸಿಲಿಗೆ ತಲೆ ಸುತ್ತಿ ಅವರ ತಳ್ಳುಗಾಡಿ ಹಿಡಿದು ನಿಂತಿದ್ದೆ.

ಇದೇ ಜಾಗದಲ್ಲಿ ಅವರ ಅಂಗಡಿಯಿತ್ತು, ಮುಂದೆ ಕಲ್ಲಿನ ಕಟ್ಟೆ. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರು ಅಲ್ಲಿ ಕೂತು ನಗುತ್ತಿದ್ದರು. ಆ ಗುಂಪಿನ ಮರೆಗೆ ಹಿಂದಿನ ಸಾಲಿನ ನನ್ನ ಪಾತ್ರೆ ಅಂಗಡಿ ಯಾರಿಗೂ ಕಾಣುವುದಿಲ್ಲವೆಂದು, ರಸ್ತೆ ಅಗಲ ಮಾಡುವಾಗ ಕಟ್ಟೆ ಒಡೆಯಿರೆಂದು ಅರ್ಜಿ ಕೊಟ್ಟವನು ನಾನೇ. ಕಟ್ಟೆಯ ಜೊತೆ ಅವರ ಅಂಗಡಿಯೂ ಹೋಯಿತು. ಅವರಿಗಿದು ಗೊತ್ತಿಲ್ಲ. ಹೇಳಲು ಬಾಯಿ ತೆರೆದೆ.

“ಮೊದಲ ನೀರು ಕುಡೀರಿ” ಎಂದರು. ಕುಡಿದು, ಹೇಳದೆಯೇ ನನ್ನ ಅಂಗಡಿಗೆ ಬಂದೆ.

ಈಗ ನನ್ನ ಅಂಗಡಿ ರಸ್ತೆಯ ಆ ತುದಿಗೂ ಕಾಣುತ್ತದೆ. ಆ ನಗು ಮಾತ್ರ ಕೇಳಿಸುವುದಿಲ್ಲ. ಶಾಂತಕ್ಕ, ತಪ್ಪಾಯಿತು.