ನಮ್ಮ ಪಾಸ್‌ವರ್ಡಿಗೆ ತೆರೆದ ಇನ್ನೊಬ್ಬರ ವೈಫೈ

ಹಿಮಾಯತ್‌ನಗರದ ಬಾಡಿಗೆ ಮನೆಗೆ ಬಂದು ತಿಂಗಳೊಪ್ಪತ್ತಾಗಿತ್ತು. ಒಂದು ಮಧ್ಯಾಹ್ನ ಫೋನಿನಲ್ಲಿ ನೋಡಿದರೆ ನಮ್ಮ ವೈಫೈ ಹೆಸರಿನ ಕೆಳಗೇ ಅದೇ ಹೆಸರು ಇನ್ನೊಮ್ಮೆ ಇತ್ತು, ಬಾಲಕ್ಕೆ ಮೂರು ಇಂಗ್ಲಿಷ್ ಅಕ್ಷರ ಅಂಟಿಸಿಕೊಂಡು. ಅನುಮಾನದಿಂದ ನಮ್ಮ ಪಾಸ್‌ವರ್ಡ್ ಹಾಕಿದೆ. ತೆರೆದುಕೊಂಡಿತು. ಯಾರದೋ ಮನೆಯ ಬೀಗಕ್ಕೆ ನಮ್ಮ ಕೀಲಿ ಹತ್ತಿದಂತಾಯಿತು.

ಗದಗದಲ್ಲಿ ಓಣಿಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಗೇ ಬಂದು ಕಸೂತಿ ಕಲಿಯುತ್ತಿದ್ದರು. ಯಜಮಾನರಿಗೆ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕು ಇಲ್ಲಿಗೆ ಬಂದ ಮೇಲೆ ಅವರೆಲ್ಲ ನನಗೆ ಫೋನಿನಲ್ಲೇ ಸಿಗಬೇಕಾಯಿತು. ದಿನಾ ಸಂಜೆ ನಾಲ್ಕಕ್ಕೆ ಕ್ಲಾಸು. ಈ ತೆಲುಗು ಊರಿನಲ್ಲಿ, ಯಜಮಾನರನ್ನು ಬಿಟ್ಟರೆ, ನನ್ನ ಜೊತೆ ಕನ್ನಡ ಮಾತಾಡುವವರೆಂದರೆ ಅವರೇ. ಆದರೆ ಸರಿಯಾಗಿ ಆ ಹೊತ್ತಿಗೇ ನೆಟ್ ಕೈಕೊಡುತ್ತಿತ್ತು. ಸೂಜಿ ಎತ್ತಿದ ನನ್ನ ಕೈ ಅಲ್ಲೇ ನಿಂತುಬಿಡುತ್ತದೆ ಅಂತ ಹುಡುಗಿಯರು ನಗುತ್ತಿದ್ದರು. ಆಮೇಲೆ ನಗು ನಿಂತಿತು. "ಹೊಲಿಗಿ ಕಾಣ್ಸೂದ ಇಲ್ಲರೀ ಅಕ್ಕಾರ, ಈ ತಿಂಗಳಕ್ಕ ಬಿಡ್ತೀವಿ," ಅಂದಳು ಒಬ್ಬಳು.

ಆ ಬಾಲದ ಹೆಸರಿನವರು ಯಾರೋ ನಮ್ಮ ನೆಟ್ಟನ್ನೇ ಎಳೆದುಕೊಳ್ಳುತ್ತಿದ್ದಾರೆ ಎಂದು ಯಜಮಾನರಿಗೆ ಹೇಳಿದೆ. ಅವರು, "ಪರ ಊರಾಗ ಜಗಳ ಬ್ಯಾಡ, ಬಿಡು," ಅಂದರು.

"ನೆಟ್ ಹೋದ್ರ ಬಿಡಬಹುದರೀ. ಕ್ಲಾಸ್ ಹೋದ್ರ ನಾ ಇಲ್ಲಿ ಯಾರ ಕೂಡ ಮಾತಾಡ್ಲಿ?"

ಮರುದಿನ ಫೋನ್ ಹಿಡಿದು ಮೆಟ್ಟಿಲು ಹತ್ತಿದೆ. ಆ ಬಾಲದ ಹೆಸರಿನ ಸಿಗ್ನಲ್ ಕೆಳಗೆ ಕ್ಷೀಣವಾಗಿದ್ದದ್ದು ಮೇಲೆ ಹೋದಂತೆ ಏರಿತು. ನಮ್ಮ ಮೇಲಿನ ಮನೆಯ ಸುಜಾತಮ್ಮನ ಬಾಗಿಲೆದುರು ಪೂರ್ತಿ ತುಂಬಿಕೊಂಡಿತು. ಒಬ್ಬರೇ ಇರುವ ಹಿರಿಯರು. ಗದಗಾಗಿದ್ದರೆ ಹೊರಗಿನಿಂದಲೇ ಕೂಗುತ್ತಿದ್ದೆ. ಇಲ್ಲಿ ತರಕಾರಿ ಕೊಳ್ಳುವಷ್ಟು ತೆಲುಗು ಮಾತ್ರ ಬರುತ್ತಿತ್ತು; ಜಗಳಕ್ಕೆ ಸಾಲದು. ಸುಮ್ಮನೆ ಇಳಿದು ಬಂದೆ.

ಆದರೆ ಸುಮ್ಮನೆ ಕೂಡಲಿಲ್ಲ. ನೆಟ್ಟೂ ರೂಟರೂ ಮನೆಯ ಜೊತೆಗೇ ಬಂದಿದ್ದವು. ಹಳೆಯ ಬಾಡಿಗೆದಾರರ ಕಾಲದ ಪಾಸ್‌ವರ್ಡ್ ಹಾಗೇ ಇತ್ತು. ಮನೆ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದೆ. ಎಲ್ಲಿ ಏನು ಒತ್ತಬೇಕೆಂದು ಓದಿಕೊಂಡು, ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಬದಲಿಸಿದೆ.

ಅವತ್ತು ನಾಲ್ಕಕ್ಕೆ ಕ್ಲಾಸು ಒಮ್ಮೆಯೂ ನಿಲ್ಲಲಿಲ್ಲ. ಸೀರೆಯ ಸೆರಗಿಗೆ ಗೋಪುರದ ಚಿತ್ತಾರ ಎತ್ತುವುದನ್ನು ಕೊನೆಯ ಎಳೆಯವರೆಗೂ ತೋರಿಸಿದೆ. "ಅಕ್ಕಾರ, ಈಗ ಸೂಜಿ ಕಣ್ಣೂ ಕಾಣಾಕತ್ತೈತಿ," ಅಂದಳು ಬಿಡುತ್ತೇನೆಂದಿದ್ದವಳೇ. ಕೂತಲ್ಲೇ ಎದೆ ಉಬ್ಬಿತು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಸುಜಾತಮ್ಮ. ಮುಖ ಸಣ್ಣದಾಗಿತ್ತು.

"ಮನ ನೆಟ್ ಪೋಯಿಂದಮ್ಮಾ." ನಮ್ಮ ನೆಟ್ ಹೋಯಿತಮ್ಮಾ ಎಂದು.

ತೆಲುಗಿನಲ್ಲಿ ‘ನಮ್ಮ’ ಎನ್ನಲು ಎರಡು ಮಾತಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನ’, ಹೊರಗಿಟ್ಟರೆ ‘ಮಾ’. ಅದು ನನಗೆ ಗೊತ್ತಿತ್ತು. ಧೈರ್ಯ ಮಾಡಿ ಅಂದೆ: "ಅದಿ ಮನ ನೆಟ್ ಕಾದು ಆಂಟಿ. ಮಾ ನೆಟ್." ‘ಮನ’ ಅಲ್ಲ, ‘ಮಾ’ ಎಂದು.

ಅವರು ತಬ್ಬಿಬ್ಬಾದರು. ಇಬ್ಬರೂ ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಬಿಡಿಸಿದೆವು. ಇದು ಕಟ್ಟಡಕ್ಕೆಲ್ಲ ಸೇರಿದ ನೆಟ್ ಅಂತ ಹಳೆಯ ಬಾಡಿಗೆದಾರರು ಅವರಿಗೆ ಹೇಳಿದ್ದರಂತೆ. ಮಸ್ಕತ್ತಿನ ಮಗ ರಜೆಗೆ ಬಂದಾಗ, ಸಿಗ್ನಲ್ ಮೇಲಕ್ಕೆಳೆಯುವ ಪೆಟ್ಟಿಗೆಯೊಂದನ್ನು ಗೋಡೆಗೆ ಸಿಕ್ಕಿಸಿ ಹೋಗಿದ್ದ; ಆ ಬಾಲದ ಹೆಸರು ಅದರದೇ. ಅವನು ದಿನಾ ವಿಡಿಯೊದಲ್ಲಿ ಮಾತಾಡುವುದೂ ನಾಲ್ಕಕ್ಕೇ. ಅವತ್ತು ಅವನ ಮುಖ ಕಂಡಿರಲಿಲ್ಲ.

ನನ್ನ ಸಿಟ್ಟು ಇಳಿಯಿತು. ಪಟ್ಟು ಬಿಡಲಿಲ್ಲ. ಅಲ್ಲೇ ನನ್ನ ಫೋನಿನಿಂದ ಮಗನಿಗೆ ಕರೆ ಹಚ್ಚಿಕೊಟ್ಟು, ಅಮ್ಮನಿಗೆ ಬೇರೆ ಕನೆಕ್ಷನ್ ಹಾಕಿಸಬೇಕೆಂದು ಅವನಿಗೇ ಹೇಳಿದೆ. ಅದೇ ವಾರ ಹಾಕಿಸಿದ.

ಈಗ ಸುಜಾತಮ್ಮ ಯಾರೇ ಬಂದರೂ "ಮನ ಸರೋಜಮ್ಮ" ಅಂತ ನನ್ನನ್ನು ಪರಿಚಯಿಸುತ್ತಾರೆ. ಹೊಸ ಊರಿನಲ್ಲಿ ಗೆದ್ದುಕೊಂಡ ಮಾತು ಅದು, ಕೇಳಿದಾಗಲೆಲ್ಲ ಹಿಗ್ಗುತ್ತೇನೆ.

ಮೊನ್ನೆ ತಂಗಿ ಗದಗದಿಂದ ಫೋನ್ ಮಾಡಿ, "ಅಕ್ಕಾ, ನಮ್ಮೂರಿಗೆ ಯಾವಾಗ ಬರ್ತಿ?" ಅಂದಳು. ದಸರಾಕ್ಕೆ ಬರ್ತೀನಿ ಅಂದೆ. ಅವಳ ‘ನಮ್ಮ’ ಯಾವುದು, ಅದರೊಳಗೆ ನಾನಿನ್ನೂ ಇದ್ದೇನೆಯೇ ಎಂದು ಕೇಳಬೇಕೆನಿಸಿತು. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು.