ಅತ್ತೆ ತೊಳೆದ ಗಾಜಿನ ಕೊಳವೆ

ಅಥವಾ ಅತ್ತೆ ಆ ಕೊಳವೆಯನ್ನು ತೊಳೆದದ್ದು ಬಾವಿಕಟ್ಟೆಯಲ್ಲಲ್ಲ, ಹಿತ್ತಿಲ ಬಾಗಿಲಲ್ಲೇ ಇರಬಹುದು. ಪ್ರಮಾಣ ಮಾಡಿ ಹೇಳಲಾರೆ. ಇಂದು ಮೊಸರಿನ ಗಡಿಗೆಯ ಮುಚ್ಚಳ ತೆಗೆದಾಗ ಮೇಲೆ ನಿಂತಿದ್ದ ಹಳದಿ ತಿಳಿ ಕಂಡು ಇದೆಲ್ಲ ನೆನಪಾಯಿತು. ನೆನಪಾಯಿತು ಎನ್ನುವುದೂ ಧಾರಾಳದ ಮಾತು. ಅರ್ಧಕ್ಕೆ ನಾನೇ ಹೆಪ್ಪು ಹಾಕಿರಬೇಕು.

ಗೂಡಲೂರಿನ ಮೇಲಿನ ಕಾಡಿನಲ್ಲಿ ಅಣೆ ಕಟ್ಟುತ್ತಿದ್ದ ವರ್ಷಗಳು. ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನೂ ಸ್ವಲ್ಪ ಬಾಕಿಯಿತ್ತು. ಅಲ್ಲಿಗೆ ಗಾಡಿ ಹೊಡೆಯುತ್ತಿದ್ದ ಅಣ್ಣ ಚಳಿಜ್ವರ ಹೊತ್ತು ಬೆಟ್ಟದ ಕೆಳಗಿನ ಕೊಂಬೈ ಊರಿನ ನಮ್ಮ ಮನೆಗೆ ಬಂದ. ಕ್ವಿನೈನ್ ಕುಡಿಸಿದ ಮೇಲೆ ಮೂತ್ರದ ಬಣ್ಣ ಗಾಢವಾಯಿತು. ಅದು ಬರೀ ಜ್ವರದ್ದೋ, ಒಳಗೆ ರಕ್ತವೇ ಒಡೆಯುತ್ತಿದೆಯೋ?

ಮನೆಗೆ ಬಂದ ಡ್ರೆಸರು, ಆಸ್ಪತ್ರೆಯಲ್ಲಿ ಗಾಯ ಕಟ್ಟಿ ಔಷಧ ಕೊಡುವವರು, ತಮಿಳಿನಲ್ಲಿ ಬಿಡಿಸಿ ಹೇಳಿದರು. ತೋಳಿನಿಂದ ತೆಗೆದ ರಕ್ತವನ್ನು ತಾವು ತಂದ ಕೊಳವೆಯಲ್ಲಿ ಅಲುಗಿಸದೆ ಇಡಬೇಕು. ಮೇಲಿನ ತಿಳಿ ಹಳದಿಯಾದರೆ ಭಯವಿಲ್ಲ, ಔಷಧ ಮುಂದುವರಿಸಬಹುದು. ಕೆಂಪಾದರೆ ಇನ್ನೊಂದು ಸಲ ಕುಡಿಸಿದರೂ ಜೀವಕ್ಕೆ ಅಪಾಯ. ಕುಡಿಸದಿದ್ದರೆ ಜ್ವರ ಬಿಡದು.

ನಮ್ಮನ್ನು ಸಾಕಿದ ಸೋದರತ್ತೆ, ಹೊರಗಿನಿಂದ ಬಂದ ಯಾವ ಪಾತ್ರೆಯನ್ನೂ ತೊಳೆಯದೆ ಬಳಸಿದವಳಲ್ಲ. ಡ್ರೆಸರು ಅಣ್ಣನ ತೋಳಿಗೆ ಬಟ್ಟೆ ಬಿಗಿಯುತ್ತ, ನೋಡದೆಯೇ ಕೈ ಚಾಚಿದರು. ಅವಳು ಕೊಳವೆ ಕೊಟ್ಟಳು.

ಸಂಜೆ ನೋಡಿದರೆ ತಿಳಿಯೆಲ್ಲ ಕೆಂಪು. ಡ್ರೆಸರು ಕ್ವಿನೈನ್ ಪುಡಿಯ ಪೊಟ್ಟಣ ಮಡಚಿದರು. ಅತ್ತೆಗೆ ನಂಬಿಕೆಯಾಗಲಿಲ್ಲ.

"ಊರಾರ ಕೈ ತಾಕಿದ್ದು ಅಂತ ನಾನೇ ತೊಳ್ದು ತಾನೆ ಕೊಟ್ಟೆ, ಅಯ್ಯಾ."

ಡ್ರೆಸರು ಅಲ್ಲೇ ಕುಳಿತರು. ನೀರು ತಾಕಿದರೆ ಒಳ್ಳೆಯ ರಕ್ತವೂ ಒಡೆಯುತ್ತದಂತೆ, ಮತ್ತೆ ತೆಗೆಯಬೇಕಂತೆ. ಅತ್ತೆ ಮಂಚಕ್ಕೆ ಅಡ್ಡ ನಿಂತಳು.

"ತಪ್ಪು ನಂದು. ನಮ್ಮ ಪಿಳ್ಳೆ ನೆತ್ರು ಇನ್ನೂ ಯಾಕೆ? ನನ್ನದು ತಗೊ."

ಅವರು ನಕ್ಕರು, ಆದರೂ ತೆಗೆದರು, ಒದ್ದೆ ಕೊಳವೆಗೇ. ಅದೂ ಕೆಂಪಾಯಿತು. ಜ್ವರವಿಲ್ಲದ ತನ್ನದೂ ಕೆಂಪೇ ಎಂದು ಅತ್ತೆ ಗೆದ್ದವಳಂತೆ ನನ್ನನ್ನು ನೋಡಿದಳು. ನೀರು ಮೋಸ ಮಾಡಬಲ್ಲದು ಎಂದಷ್ಟೇ ಇದರಿಂದ ತಿಳಿಯಿತು, ಅಣ್ಣನ ವಿಷಯ ಇದರಿಂದ ತಿಳಿಯದು ಎಂದರು ಡ್ರೆಸರು. ಅವಳು ಅವನ ತೋಳು ಮುಟ್ಟಗೊಡಲಿಲ್ಲ. ಅವರು ಪೊಟ್ಟಣವನ್ನು ಅವಳ ಕೈಗಿಟ್ಟು ಹೊರಟರು.

ಅಣ್ಣ ಬದುಕಿದ. ಪುಡಿ ಕುಡಿಸಿದೆಯೋ ಚೆಲ್ಲಿದೆಯೋ ಎಂದು ಅತ್ತೆಯನ್ನು ಎಷ್ಟೋ ವರ್ಷ ಕೇಳಿದೆ. "ಬದುಕ್ದ ತಾನೆ? ಮೋರು ಕುಡಿ," ಎಂದು ಮಜ್ಜಿಗೆಯ ಲೋಟ ಮುಂದಿಡುತ್ತಿದ್ದಳು. ಅದನ್ನು ಹೇಳದೆಯೇ ಅವಳೂ ತೀರಿಹೋದಳು.

ಇಂದು ಮೊಸರು ಕಡೆಯಲು ಮನಸ್ಸಾಗಲಿಲ್ಲ. ಆ ತಿಳಿಯನ್ನು ನೋಡುತ್ತ ಕುಳಿತೆ. ಅಣ್ಣನ ರಕ್ತ ಆ ದಿನ ಒಡೆಯುತ್ತಿತ್ತೇ? ನನಗೆ ಗೊತ್ತಿಲ್ಲ.