ಹಡಗಿಳಿದ ಮೇಲಿನ ಒಂದು ಹಗಲು

ನಮ್ಮನೆಯವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿ ಯಾವಾಗಲೂ ಗುಲಾಬಿ ಬಣ್ಣಕ್ಕಿರುತ್ತಿತ್ತು. ಬಿತ್ತನೆ ಬೀಜಕ್ಕೆ ಹುಳ ಹತ್ತದಿರಲಿ ಎಂದು ಹಚ್ಚಿರುವ ಔಷಧಿಯ ಬಣ್ಣ ಅದು. ಸೀಗೆಪುಡಿ, ಕಲ್ಲುಪ್ಪು, ನಿಂಬೆಹಣ್ಣಿನ ಸಿಪ್ಪೆ, ಏನು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತಿತ್ತು. ಎಡಗೈ ಮಾತ್ರ ಸ್ವಚ್ಛ. ಎಡಗೈಯಿಂದ ಅವರು ಬೀಜ ಮುಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ಅದು ಪೂಜೆಯಲ್ಲಿ ಇಷ್ಟಲಿಂಗ ಹಿಡಿಯುವ ಕೈ. ಚೀಲದ ಬಾಯಿ ಬಿಚ್ಚುವುದು, ಬೀಜವನ್ನು ಬೆರಳಲ್ಲಿ ತಿರುವಿ ನೋಡುವುದು, ತಕ್ಕಡಿಗೆ ಹಾಕುವುದು ಎಲ್ಲ ಬಲಗೈ ಒಂದರಲ್ಲೇ. ಹೊಸದಾಗಿ ನೋಡಿದವರು ಯಜಮಾನರ ಎಡಗೈಗೆ ಏನೋ ಪೆಟ್ಟಾಗಿದೆ ಎಂದುಕೊಳ್ಳುತ್ತಿದ್ದರು.

ನಮ್ಮನೆಯವರ ಹೆಸರನ್ನು ಅವರಿದ್ದಾಗ ನಾನು ಬಾಯಲ್ಲಿ ಹೇಳುತ್ತಿರಲಿಲ್ಲ. ಈಗ ಬರೆಯಲಿಕ್ಕೂ ಕೈ ಬರುವುದಿಲ್ಲ. ಗುಂಡ್ಲುಪೇಟೆಯಲ್ಲಿ ಬೀಜದಂಗಡಿಯವರು ಎಂದರೆ ಗೊತ್ತಾಗುತ್ತಿತ್ತು. ಅವರ ಊರು ಹರದನಹಳ್ಳಿ, ನನ್ನ ತವರು ಹರವೆ. ಮದುವೆಯಾದ ಮೇಲೆ ಗುಂಡ್ಲುಪೇಟೆಗೆ ಬಂದು ಹೆದ್ದಾರಿ ಪಕ್ಕದಲ್ಲಿ ಅಂಗಡಿ ಹಾಕಿದರು. ಎದುರಿಗೆ ಕೇರಳದ ಕಡೆ ಹೋಗುವ ತರಕಾರಿ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು. ಲಾರಿಯವರ ಮಲಯಾಳಕ್ಕೂ ನಮ್ಮವರು ಹರಕು ಮುರುಕಾಗಿ ಜವಾಬು ಕೊಡುತ್ತಿದ್ದರು. ಅಂಗಡಿಯಲ್ಲಿ ಅಷ್ಟು ಮಾತು. ಮನೆಗೆ ಬರುವಷ್ಟರಲ್ಲಿ ಮಾತೆಲ್ಲ ಅಲ್ಲೇ ಖರ್ಚಾಗಿರುತ್ತಿತ್ತು. ಕೈಕಾಲು ತೊಳೆದು, ಪೂಜೆ ಮಾಡಿ, ಊಟ ಮಾಡಿ, "ಸಾರು ಚೆನ್ನಾಗದೆ" ಎಂದರೆ ಆ ದಿನದ ಮಾತು ಮುಗಿದಂತೆ. ಮಗಳು ಹುಟ್ಟಿ, ಬೆಳೆದು, ನಂಜನಗೂಡಿಗೆ ಮದುವೆಯಾಗಿ ಹೋದಳು. ಆಮೇಲೆ ಮನೆ ಇನ್ನೂ ನಿಶ್ಶಬ್ದವಾಯಿತು. ನನಗೆ ಅದರ ಬಗ್ಗೆ ದೂರಿರಲಿಲ್ಲ. ಗಂಡಸರು ಹೀಗೇ ಎಂದುಕೊಂಡಿದ್ದೆ.

ಕೇಳಿದ ಬೀಜವನ್ನೆಲ್ಲ ಕೇಳಿದವರಿಗೆ ಕೊಡುವವರಲ್ಲ ಅವರು. ಬುತ್ತಿ ಕೊಡಲು ಹೋದಾಗ ಎಷ್ಟೋ ಸಲ ನೋಡಿದ್ದೇನೆ. ಪಕ್ಕದ ಹೊಲದವನು ಹಾಕಿದ್ದಾನೆ, ನನಗೂ ಅದೇ ಕೊಡಿ ಎಂದು ಬಂದವನಿಗೆ, "ಅವನ ನೆಲ ಬ್ಯಾರೆ, ನಿನ್ ನೆಲ ಬ್ಯಾರೆ ಕಣ್ಲಾ. ಓಗು, ಮಣ್ಣು ಒಂದ್ ಹಿಡಿ ತಗೊಂಡ್ ಬಾ" ಎಂದು ವಾಪಸ್ಸು ಕಳಿಸುತ್ತಿದ್ದರು. ಅವನು ಗೊಣಗಿಕೊಂಡು ಹೋಗಿ, ಟವೆಲ್ಲಿನ ತುದಿಗೆ ಮಣ್ಣು ಗಂಟು ಕಟ್ಟಿಕೊಂಡು ಬರುತ್ತಿದ್ದ. ಅಷ್ಟೇ ನಾನು ಕಂಡದ್ದು. ಬುತ್ತಿ ಇಟ್ಟು ಹಿಂದಿನ ಬುತ್ತಿಯ ಖಾಲಿ ಡಬ್ಬಿ ತೆಗೆದುಕೊಂಡು ಬಂದುಬಿಡುತ್ತಿದ್ದೆ.

ಒಂದು ವರ್ಷ ಬೀಜದ ಕಂಪನಿಯವರು, ಒಳ್ಳೆ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಜೋಡಿಯಾಗಿ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋದರು. ಮುಂಬೈಯಲ್ಲಿ ಹತ್ತಿ ಗೋವಾ ಕಡೆ ಸುತ್ತಾಡಿ ಮತ್ತೆ ಮುಂಬೈಯಲ್ಲೇ ಇಳಿಯುವುದು. ನಮ್ಮವರಿಗೆ ಮನಸ್ಸಿರಲಿಲ್ಲ. ನಾನೇ ಸಮುದ್ರ ನೋಡಬೇಕು ಎಂದೆ. "ನೋಡು ಬುಡು, ನೀನೂ ಯಾವತ್ತು ಏನ್ ಕೇಳಿದ್ಯೆ" ಎಂದರು. ಕಂಪನಿಯವರು ಎಲ್ಲರಿಗೂ ಒಂದೇ ಥರದ ನೀಲಿ ಸೂಟ್‌ಕೇಸು ಕೊಟ್ಟಿದ್ದರು. ಬಂದರಿನಲ್ಲಿ ನಿಂತಾಗ ಒಂದೇ ಶಾಲೆಯ ಮಕ್ಕಳಂತೆ ಕಾಣುತ್ತಿದ್ದೆವು.

ಹಡಗು ಹತ್ತುವ ತಪಾಸಣೆಯಲ್ಲಿ ಅವರ ಕೊರಳಿನ ಬೆಳ್ಳಿ ಕರಡಿಗೆಗೆ ಯಂತ್ರ ಕೂಗಿತು. ಕಾವಲಿನವನು ಅದನ್ನು ತೆಗೆಸಿ, ಮುಚ್ಚಳ ಬಿಚ್ಚಿ, ಒಳಗಿನ ಲಿಂಗವನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ಅವನದೂ ತಪ್ಪಲ್ಲ, ಅವನ ಕೆಲಸ. ನಮ್ಮವರು ಮಾತ್ರ ಆ ದಿನವೆಲ್ಲ ಸಮುದ್ರದ ಕಡೆ ಮುಖ ಮಾಡಲಿಲ್ಲ. ಎರಡು ಸಲ ಸ್ನಾನ ಮಾಡಿ ಪೂಜೆ ಮಾಡಿದರು.

ಇಳಿಯುವಾಗಲೂ ತಪಾಸಣೆ ಇರುತ್ತದೆ ಎಂದು ಯಾರೋ ಹೇಳಿದರು. ಮತ್ತೆ ಯಾರೋ ಲಿಂಗಕ್ಕೆ ಕೈ ಹಾಕುವುದಕ್ಕಿಂತ ಮಡಿಬಟ್ಟೆಯೊಳಗಿರಲಿ ಎಂದು, ಕೊನೆಯ ರಾತ್ರಿ ನಮ್ಮವರು ಪೂಜೆ ಮುಗಿಸಿ ಕರಡಿಗೆಯನ್ನೂ ವಿಭೂತಿಯನ್ನೂ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟರು. ಸೂಟ್‌ಕೇಸನ್ನು ರಾತ್ರಿಯೇ ಬಾಗಿಲ ಹೊರಗಿಡಬೇಕು ಎಂಬುದು ಹಡಗಿನ ಪದ್ಧತಿ. ಇಟ್ಟರು. ನಮ್ಮೂರಿನಲ್ಲಿ ಲಾರಿಗೆ ಹೋಗುವ ಮೂಟೆಯನ್ನು ಸಂಜೆಯೇ ಬಾಗಿಲಲ್ಲಿ ಇಡುತ್ತಾರೆ. ಬೆಳಗ್ಗೆ ಯಜಮಾನ ಬಂದು ನೋಡಿದ ಮೇಲೆಯೇ ಹಮಾಲರು ಮುಟ್ಟುವುದು. ಇಲ್ಲೂ ಹಾಗೇ, ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಅಲ್ಲೇ ಇರುತ್ತದೆ, ಪೂಜೆ ಮಾಡಿಕೊಂಡು ಹೊರಡಬಹುದು ಎಂದುಕೊಂಡಿದ್ದರು. ಬೆಳಗ್ಗೆ ಬಾಗಿಲ ಮುಂದೆ ಬರೀ ಕಾರ್ಪೆಟ್ಟಿತ್ತು.

"ಕೆಳಗೆ ಸಿಕ್ತದೆ, ಗಾಬರಿ ಬೀಳ್ಬೇಡಿ" ಎಂದೆ. ಕೆಳಗೆ, ಸಾಮಾನು ಕೊಡುವ ಜಾಗದಲ್ಲಿ, ನೀಲಿ ಸೂಟ್‌ಕೇಸೊಂದು ಸಿಕ್ಕಿತು. ಅಲ್ಲೇ ಮೂಲೆಯಲ್ಲಿ ತೆರೆದರೆ ಒಳಗೆ ಚೌಕಳಿ ಲುಂಗಿ, ಯಾರದೋ ಶೇವಿಂಗ್ ಸೆಟ್ಟು, ಮಕ್ಕಳಿಗೆ ಕೊಂಡ ಚಾಕಲೇಟಿನ ಡಬ್ಬಿ. ಅಷ್ಟರಲ್ಲಿ ಜೊತೆಯ ಅಂಗಡಿಯವರೆಲ್ಲ ಬಸ್ಸು ಹತ್ತಿ ಮಾಲ್ ನೋಡಲು ಹೊರಟಾಗಿತ್ತು. ವಿಮಾನ ಇದ್ದದ್ದು ರಾತ್ರಿಗೆ. ಕಂಪನಿಯ ಆಫೀಸರಿಗೆ ಫೋನ್ ಮಾಡಿದೆ. "ಸಂಜೆ ಏರ್‌ಪೋರ್ಟಲ್ಲಿ ಎಲ್ರೂ ಸೇರ್ತಾರಲ್ಲ ಮೇಡಂ, ಅಲ್ಲಿ ಬದಲಾಯಿಸ್ಕೊಳ್ಳಿ. ನೀವು ಟ್ಯಾಕ್ಸಿ ಮಾಡ್ಕೊಂಡು ಮಾಲಿಗೆ ಬನ್ನಿ, ಊಟ ಅಲ್ಲೇ" ಎಂದರು. ಅವರಿಗೆ ಸೂಟ್‌ಕೇಸು ಸೂಟ್‌ಕೇಸೇ.

ನಮ್ಮವರು ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿದವರಲ್ಲ. ಜ್ವರ ಬಂದಾಗಲೂ ಇಲ್ಲ, ತಂದೆಯನ್ನು ಮಣ್ಣು ಮಾಡಿದ ದಿನವೂ ಇಲ್ಲ. ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಅವರಿಗೆ ಸಕ್ಕರೆ ಕಾಯಿಲೆ. ರಾತ್ರಿ ಇನ್ಸುಲಿನ್ ಚುಚ್ಚಿಕೊಂಡಿದ್ದರು. ಹಿಂದೊಮ್ಮೆ ಊಟ ತಡವಾಗಿ ಅಂಗಡಿಯಲ್ಲೇ ಕುಸಿದಿದ್ದರು. ಆಗ ಡಾಕ್ಟರು ನನಗೆ ಹೇಳಿದ್ದರು: ಬೆವರುತ್ತಾರೆ, ಮಾತು ತಡವರಿಸುತ್ತದೆ, ಆಗ ತಕ್ಷಣ ಬಾಯಿಗೆ ಸಿಹಿ ಹಾಕಿ, ತಡ ಮಾಡಿದರೆ ಮನುಷ್ಯ ಉಳಿಯುವುದಿಲ್ಲ. ಅಂದಿನಿಂದ ನನ್ನ ಕೈಚೀಲದಲ್ಲಿ ಅಚ್ಚುಬೆಲ್ಲ ಇಲ್ಲದ ದಿನವಿಲ್ಲ.

"ಏನಾದ್ರೂ ಒಂಚೂರು ತಗೊಳ್ಳಿ" ಎಂದೆ.

"ಸಂಜೆಗಂಟ ತಾನೆ. ತಡ್ಕತೀನಿ ಬುಡು. ನೀನು ತಿನ್ನು, ನಿಂದು ಪೂಜೆ ಆಗದಲ್ಲ."

ನನ್ನ ಲಿಂಗ ನನ್ನ ಕೊರಳಲ್ಲೇ ಇತ್ತು, ಪೂಜೆಯೂ ಆಗಿತ್ತು. ಆದರೂ ನನಗೆ ತಿನ್ನಲಾಗಲಿಲ್ಲ. ತಪ್ಪಿ ಒಯ್ದವರು ಹುಡುಕಿಕೊಂಡು ಬಂದರೆ ಇಲ್ಲಿಗೇ ತಾನೆ ಎಂದು ನಮ್ಮವರು ಅಲ್ಲಿಂದ ಕದಲಲಿಲ್ಲ, ಇಲ್ಲೇ ಕಾಯುತ್ತೇವೆ ಎಂದು ಆಫೀಸರಿಗೆ ತಿಳಿಸಿದೆ. ಬಂದರಿನ ಗೇಟಿನ ಎದುರಿಗೆ ಒಂದು ಸಣ್ಣ ಉದ್ಯಾನವಿತ್ತು. ಬಾದಾಮಿ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತೆವು. ಯಾರದೋ ಸೂಟ್‌ಕೇಸು ನಮ್ಮ ಕಾಲ ಬಳಿ. ಅವರು ಕಣ್ಣು ಮುಚ್ಚಿದರು. ನನಗೆ ದಿಗಿಲಾಯಿತು. ನಿದ್ದೆಯೋ ಇನ್ನೊಂದೋ ಹೇಗೆ ತಿಳಿಯುವುದು? ಮಾತಾಡಿಸುತ್ತಲೇ ಇರಬೇಕು ಎಂದುಕೊಂಡೆ. ಇಷ್ಟು ವರ್ಷ ಜೊತೆಗಿದ್ದು, ಒಂದು ಹಗಲು ಏನು ಮಾತಾಡಿಸುವುದು ಎಂದು ನನಗೆ ಹೊಳೆಯಲಿಲ್ಲ. ಕೊನೆಗೆ, "ರೀ, ಆ ಮಣ್ಣು ತರಿಸ್ತೀರಲ್ಲ, ಅದ್ರಲ್ಲಿ ಏನ್ ನೋಡ್ತೀರಿ?" ಎಂದೆ.

ಕಣ್ಣು ಬಿಟ್ಟರು. "ಇವತ್ಯಾಕೆ ಅದು?"

"ಹೊತ್ತು ಹೋಗ್ಬೇಕಲ್ಲ. ಹೇಳಿ."

"ನೀರು ಹಾಕಿ ಹಿಸುಕ್ಬೇಕು ಕಣಮ್ಮಿ. ಉಂಡೆ ಆದ್ರೆ ಒಂದು ಲೆಕ್ಕ, ಬೆರಳ ಸಂದಿಲಿ ಉದುರ್ಹೋದ್ರೆ ಒಂದು ಲೆಕ್ಕ" ಎಂದು ಶುರು ಮಾಡಿದರು. ಎರೆಭೂಮಿಗೆ ಯಾವ ಈರುಳ್ಳಿ, ಕೆಮ್ಮಣ್ಣಿಗೆ ಯಾವುದು. ಅರಿಸಿನ ಹಾಕಿ ಕಿತ್ತ ಹೊಲಕ್ಕೆ ಮತ್ತೆ ಅರಿಸಿನ ಕೇಳಿಕೊಂಡು ಬಂದರೆ ಏನು ಹೇಳಿ ಮನಸ್ಸು ತಿರುಗಿಸಬೇಕು. ಚೆಂಡುಹೂವಿನ ಬೀಜ ಕೇಳುವವನಿಗೆ ಮೊದಲು ಬಾವಿಯ ನೀರಿನ ರುಚಿ ಕೇಳಬೇಕು. ಅವರು ನಿಲ್ಲಿಸಿದಾಗಲೆಲ್ಲ ನಾನು ಇನ್ನೊಂದು ಕೇಳುತ್ತಿದ್ದೆ. ತಪ್ಪು ಹೇಳಿದರೆ ನನಗೆ ಗೊತ್ತಾಗುತ್ತಿರಲಿಲ್ಲ, ಆದರೆ ತಡವರಿಸಿದರೆ ಗೊತ್ತಾಗುತ್ತಿತ್ತು. ಕಣ್ಣು ಅವರ ಹಣೆಯ ಮೇಲೆ, ಕೈ ಚೀಲದೊಳಗಿನ ಬೆಲ್ಲದ ಮೇಲೆ.

ಬರುಬರುತ್ತಾ ಅವರಿಗೇ ಹುರುಪು ಬಂತು. ತೆರಕಣಾಂಬಿ ಕಡೆಯ ಒಬ್ಬ ಮುದುಕ ಬೀಜವನ್ನು ನಾಲಿಗೆಗೆ ಹಚ್ಚಿ ನೋಡಲು ಹೋಗಿದ್ದು, ಇವರು ಕೈ ಮೇಲೆ ಹೊಡೆದು ತಪ್ಪಿಸಿದ್ದು, ಅವನು ಸಿಟ್ಟಾಗಿ, "ನಿಮ್ಮಪ್ಪನ ಕಾಲ್ದಲ್ಲಿ ಬೀಜವ ತಿಂದ್ ನೋಡಿ ತಗೋತಿದ್ದೋ ಕಣಪ್ಪ, ಈಗ ಏನ್ ವಿಷವ ಮಾರ್ತಿದ್ದಿಯಾ?" ಎಂದು ಕೇಳಿದ್ದು. "ಏನಂದ್ರಿ ಅದಕ್ಕೆ?" ಎಂದೆ. "ಏನ್ ಅನ್ನದು? ಅವ ಹೇಳಿದ್ದು ದಿಟ್ವೆಯ. ಎಲೆಯಡಿಕೆ ಕೊಟ್ಟು ಕೂರಿಸ್ದೆ" ಎಂದು ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊತ್ತು, ಯಾಕೆ ಮಾತಾಡಿಸುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತು.

ಮಧ್ಯಾಹ್ನ ದಾಟಿದ ಮೇಲೆ ಬೇಗೂರಿನ ಕಡೆಯ ಜೋಳದ ವಿಚಾರ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳಿದರು. ಮತ್ತೆ ಅದನ್ನೇ. "ಆ ಕಡೆ ಹೊಲ..." ಎಂದು ನಿಲ್ಲಿಸಿ ನನ್ನ ಮುಖವನ್ನು ಯಾರೋ ಎಂಬಂತೆ ನೋಡಿದರು. ಶರ್ಟಿನ ಕಾಲರು ಒದ್ದೆಯಾಗಿತ್ತು.

ಬೆಲ್ಲ ತೆಗೆದೆ. ಬಾಯಿಯ ಹತ್ತಿರ ಒಯ್ದರೆ ಮುಖ ಆ ಕಡೆ ತಿರುಗಿಸಿದರು. ಅಷ್ಟು ಅರಿವು ತಪ್ಪಿದ್ದಾಗಲೂ ಅದೊಂದು ನೆನಪಿತ್ತು ಅವರಿಗೆ. ನಾನು ಸೆರಗಿನ ಮರೆಯಲ್ಲಿ ನನ್ನ ಕೊರಳಿನ ಲಿಂಗವನ್ನು ಎಡಗೈಗೆ ತೆಗೆದುಕೊಂಡು, ಬೆಲ್ಲವನ್ನು ಅದಕ್ಕೆ ಮುಟ್ಟಿಸಿ, ಅವರ ಕಣ್ಣ ಮುಂದೆ ಹಿಡಿದು, "ಪ್ರಸಾದ" ಎಂದೆ. ಅವರು ಒಂದು ಗಳಿಗೆ ನೋಡಿ ಬಾಯಿ ತೆರೆದರು. ಇನ್ನೊಂದು ಚೂರು. ಇನ್ನೊಂದು. ನೀರು ಕುಡಿಸಿದೆ. ದಾರಿಯಲ್ಲಿ ಹೋಗುವ ಜನ ನಮ್ಮನ್ನು ನೋಡಿಕೊಂಡು ಹೋಗುತ್ತಿದ್ದರು. ನಾನು ಅವರ ಬೆನ್ನು ತಟ್ಟುತ್ತಾ ಕೂತೆ.

ಬಹಳ ಹೊತ್ತಿನ ಮೇಲೆ ಅವರ ದೃಷ್ಟಿ ನೆಟ್ಟಗಾಯಿತು. ಬೈಯುತ್ತಾರೆ ಎಂದು ಕಾದೆ. ಒಬ್ಬರ ಇಷ್ಟಲಿಂಗ ಒಬ್ಬರಿಗೆ. ಹೆಂಡತಿಯ ಲಿಂಗಕ್ಕೆ ಮುಟ್ಟಿಸಿದ್ದು ಗಂಡನಿಗೆ ಪ್ರಸಾದವಾಗುತ್ತದೋ ಇಲ್ಲವೋ ನನಗೆ ಆಗಲೂ ಗೊತ್ತಿರಲಿಲ್ಲ, ಆಮೇಲೂ ಯಾವ ಸ್ವಾಮಿಗಳನ್ನೂ ಕೇಳಲಿಲ್ಲ.

ಅವರು ತುಟಿ ಒರೆಸಿಕೊಂಡು, "ಜೋಳ ಎಲ್ಲಿಗಂಟ ಹೇಳಿದ್ದೆ?" ಎಂದರು.

ಸಂಜೆಯಾಗುತ್ತಿದ್ದಾಗ ರಸ್ತೆಯ ಆ ಬದಿಯಿಂದ ಒಬ್ಬ ದಪ್ಪನೆಯ ಮನುಷ್ಯ ನೀಲಿ ಸೂಟ್‌ಕೇಸನ್ನು ತಲೆ ಮೇಲೆ ಹೊತ್ತುಕೊಂಡು ಬಂದರು. ಮಂಗಳೂರಿನ ಕಡೆಯ ಅಂಗಡಿಯವರು. ಹಡಗಿನ ಊಟದ ಕೋಣೆಯಲ್ಲಿ ನಮ್ಮ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಮಾಲಿನಲ್ಲಿ ಬಟ್ಟೆ ಬದಲಾಯಿಸಲೆಂದು ತೆರೆದಾಗ ವಿಭೂತಿ ಕಂಡು, ಆಫೀಸರನ್ನು ಕೇಳಿಕೊಂಡು ಟ್ಯಾಕ್ಸಿಯಲ್ಲಿ ಬಂದಿದ್ದರು. ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿತ್ತು.

"ಚಕ್ರ ಅದಲ್ಲ, ಎಳ್ಕೊಂಡು ಬರ್ಬೋದಿತ್ತಲ್ಲ ಸ್ವಾಮಿ" ಎಂದರು ನಮ್ಮವರು.

"ಒಳಗೆ ದೇವರುಂಟಲ್ಲ, ಎಳೆಯುವುದು ಹೇಗೆ ಮಾರಾಯ್ರೆ? ಇವತ್ತು ಮೀನು ಸಹ ಮುಟ್ಟಲಿಲ್ಲ ನಾನು. ನನ್ನ ಹೆಂಡತಿ ನಂಬುವುದಿಲ್ಲ ನೋಡಿ" ಎಂದು ಅವರು ಬೆವರು ಒರೆಸಿಕೊಂಡರು.

ಉದ್ಯಾನದ ಮಾಲಿ ಗಿಡಕ್ಕೆ ನೀರು ಬಿಡುತ್ತಿದ್ದ ಪೈಪನ್ನು ಕೊಟ್ಟ. ನಮ್ಮವರು ಪಂಚೆ ಉಟ್ಟು ಅಲ್ಲೇ ತಲೆಗೆ ನೀರು ಹಾಕಿಕೊಂಡರು. ಅದೇ ಕಲ್ಲುಬೆಂಚಿನ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ತೊಡಗಿದರು. ಬಸ್ಸಿನ ಹಾರ್ನು, ಹಡಗಿನ ಕೂಗು ಯಾವುದೂ ಅವರಿಗೆ ಕೇಳಿದಂತಿರಲಿಲ್ಲ. ಆಮೇಲೆ ಮೂವರೂ ಗಾಡಿಯ ವಡಾಪಾವ್ ತಿಂದೆವು. "ಬೋಂಡವ ಬನ್ನಲ್ಲಿ ಅಮುಕಿ ಮಡಗವ್ರೆ ಕಣಮ್ಮಿ" ಎಂದು ಬಿಡಿಸಿ ನೋಡಿ, ಎರಡು ತಿಂದರು.

ಊರಿಗೆ ಬಂದ ಮೇಲೆ ಎಲ್ಲ ಮೊದಲಿನಂತೆಯೇ ಆಯಿತು. ಅಂಗಡಿ, ಪೂಜೆ, "ಸಾರು ಚೆನ್ನಾಗದೆ". ಆ ಹಗಲಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮತ್ತೊಂದು ಮುಂಗಾರು ಬರುವ ಮುಂಚೆ, ಒಂದು ಬೆಳಗ್ಗೆ, ಪೂಜೆ ಮುಗಿಸಿ ಎದ್ದವರು ಗೋಡೆ ಹಿಡಿದು ಕೂತರು. ಎದೆಯಂತೆ. ಬೆಲ್ಲಕ್ಕೆ ಬಗ್ಗುವಂಥದ್ದಾಗಿರಲಿಲ್ಲ. ಮೈಸೂರಿನ ದಾರಿಯಲ್ಲೇ ಹೋದರು.

ಶಿವಗಣಾರಾಧನೆ ಮುಗಿದ ಮೇಲೆ ಮಗಳು, ಅಳಿಯ, ಅಂಗಡಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂದರು. ಅವರು ಹೇಳಿದ್ದು ಸರಿಯೇ. ಅಂಗಡಿಯಲ್ಲಿ ಉಳಿದ ಬೀಜವನ್ನಾದರೂ ಮಾರಿ ಮುಗಿಸೋಣ ಎಂದು ನಾನು ಒಂದು ದಿನ ಬಾಗಿಲು ತೆಗೆದು ಕೂತೆ. ಮಳೆ ಬಿದ್ದಿತ್ತು. ಒಬ್ಬ ರೈತ ಬಂದು, ನನ್ನನ್ನು ನೋಡಿ ಹಿಂಜರಿದು, ಕೊನೆಗೆ ಈರುಳ್ಳಿ ಬೀಜದ ಒಂದು ಹೆಸರು ಹೇಳಿದ. ಯಾವ ಕಡೆಯ ಹೊಲ, ಮಣ್ಣು ಹಿಸುಕಿದರೆ ಉಂಡೆಯಾಗುತ್ತದೋ ಉದುರುತ್ತದೋ ಎಂದು ಕೇಳಿದೆ. ಹೇಳಿದ. ಅದು ನಿಮ್ಮ ನೆಲಕ್ಕೆ ಬೇಡಪ್ಪ, ಇದನ್ನು ತಗೊಂಡು ಹೋಗಿ ಎಂದು ಬೇರೆ ಪೊಟ್ಟಣ ಇಟ್ಟೆ. ನನ್ನ ಬಾಯಿಂದ ಬರುತ್ತಿದ್ದದ್ದು ಅವರ ಮಾತು, ಅವರು ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಂತು ನಿಂತು ಬರುತ್ತಿತ್ತು.

ಅವನು ಪೊಟ್ಟಣವನ್ನೂ ನನ್ನನ್ನೂ ನೋಡಿದ. "ಇದೆಲ್ಲಾವ ಎಲ್ಲಿ ಕಲ್ತ್ರಿ ಅಮ್ಮಾರೆ? ಅಂಗಡಿ ಒಳಕ್ಕೆ ನೀವು ಕಾಲಿಟ್ಟಿದ್ದ ಕಾಣೆ ನಾ."

"ಬೊಂಬಾಯಲ್ಲಿ" ಎಂದೆ. "ಹಡಗು ಇಳಿದ ಮೇಲೆ, ವಿಮಾನ ಹತ್ತೋವರೆಗೆ."

ಅವನು ತಮಾಷೆ ಎಂದುಕೊಂಡು ನಕ್ಕ. ನಾನು ಎಡಗೈ ತಾಗಿಸದೆ, ಬಲಗೈ ಒಂದರಲ್ಲೇ ಪೊಟ್ಟಣ ಎತ್ತಿ ಕೊಟ್ಟೆ.